1956ರಲ್ಲಿ ಅಳಿಸಿದ ಗೆರೆಗಳು ಎಲ್ಲಿ ಹೋದವು?

2023ರ ಜೂನ್ 11ರಿಂದ ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ದುಡ್ಡು ಕೊಡುವ ಕೆಲಸ ಇಲ್ಲ. ಶಕ್ತಿ ಯೋಜನೆ. ಗುರುತಿನ ಚೀಟಿ ತೋರಿಸಿದರೆ ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಡುತ್ತಾರೆ. ಮಂಡ್ಯದಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹುಡುಗಿಗೂ, ಹಾವೇರಿಯಿಂದ ಹುಬ್ಬಳ್ಳಿ ಆಸ್ಪತ್ರೆಗೆ ಹೋಗುವ ಅಜ್ಜಿಗೂ ಕೈಯಲ್ಲಿ ಒಂದಿಷ್ಟು ಉಳಿಯಿತು. ಆದರೆ ದಕ್ಷಿಣ ಕನ್ನಡ, ಉಡುಪಿ ಕಡೆಯಿಂದ ಮೊದಲ ವಾರದಲ್ಲೇ ಬೇರೆ ಮಾತು ಕೇಳಿಬಂತು. ನಮ್ಮ ರೂಟಲ್ಲಿ ಸರ್ಕಾರಿ ಬಸ್ಸೇ ಇಲ್ಲ, ಫ್ರೀ ಅಂದರೆ ಏನು ಬಂತು?

ಆ ಮಾತು ಸುಮ್ನೆ ಗೊಣಗಾಟ ಅಲ್ಲ. ಮಂಗಳೂರಿನಲ್ಲಿ ಒಂದು ಬೆಳಗ್ಗೆ ಬಸ್ ಸ್ಟಾಪಿನಲ್ಲಿ ನಿಂತರೆ ಸಾಕು, ಗೊತ್ತಾಗುತ್ತದೆ. ಬರೋದರಲ್ಲಿ ಹೆಚ್ಚಿನವು ಖಾಸಗಿ ಬಸ್ಸು. ಮುಂದೆ ನಂಬರು, ಗಾಜಿನ ಮೇಲೆ ಮಾಲೀಕರ ಮನೆದೇವರ ಹೆಸರು. ಬಸ್ಸು ಇನ್ನೂ ಪೂರ್ತಿ ನಿಂತಿರುವುದಿಲ್ಲ, ಕಂಡಕ್ಟರ್ ಬಾಗಿಲಿನಿಂದ ಇಳಿದು, ಜನ ಹತ್ತಿಸಿ, ತಗಡಿನ ಮೇಲೆ ಎರಡು ಬಾರಿ ಬಡಿದು "ಪೋಯಿ" ಅಂತಾನೆ. ಹತ್ತು ನಿಮಿಷ ಕಾಯುವ ಪ್ರಶ್ನೆಯೇ ಇಲ್ಲ, ಹಿಂದೆಯೇ ಇನ್ನೊಂದು ಬರುತ್ತದೆ. ಸೇವೆ ಚೆನ್ನಾಗಿದೆ. ಆದರೆ ಮನೆಗೆಲಸಕ್ಕೆ ಹೋಗುವ ಹೆಂಗಸು ಪ್ರತಿದಿನ ಪರ್ಸು ತೆಗೆಯಲೇಬೇಕು. ಅವಳಂಥದೇ ಕೆಲಸ ಮಾಡುವ ಮೈಸೂರಿನ ಹೆಂಗಸು ತೆಗೆಯಬೇಕಿಲ್ಲ. ಇಬ್ಬರೂ ಒಂದೇ ರಾಜ್ಯದವರು, ಒಂದೇ ಸರ್ಕಾರಕ್ಕೆ ಓಟು ಹಾಕಿದವರು.

ಇದಕ್ಕೆ ಕಾರಣ ಹುಡುಕುತ್ತಾ ಹೋದರೆ ಕನ್ನಡದ ಪ್ರದೇಶಗಳು ಸೇರಿ ಒಂದು ರಾಜ್ಯವಾದ 1956ರ ಆಚೆಗೆ ಹೋಗಬೇಕಾಗುತ್ತದೆ. ನಿಜಾಮರ ಹೈದರಾಬಾದಿನಲ್ಲಿ ಸರ್ಕಾರ 1932ರಲ್ಲೇ ಬಸ್ ಓಡಿಸೋಕೆ ಶುರು ಮಾಡಿತ್ತು. ಮೈಸೂರಿನಲ್ಲಿ 1948ರ ಸೆಪ್ಟೆಂಬರ್‌ನಲ್ಲಿ ಸರ್ಕಾರಿ ಸಾರಿಗೆ ಇಲಾಖೆ ಬಂತು. ಮುಂಬೈ ಪ್ರಾಂತ್ಯವೂ ಸ್ವಾತಂತ್ರ್ಯದ ಹೊತ್ತಿಗೆ ಅದೇ ದಾರಿ ಹಿಡಿಯಿತು. ದಕ್ಷಿಣ ಕನ್ನಡ ಮಾತ್ರ ಮದ್ರಾಸಿನಲ್ಲಿತ್ತು. ಅಲ್ಲಿ ಜಿಲ್ಲೆಗಳ ಬಸ್ಸುಗಳು ಖಾಸಗಿಯವರ ಕೈಯಲ್ಲೇ ಇದ್ದವು. ರಾಜ್ಯ ಒಂದಾದಾಗ ಕರಾವಳಿ ತನ್ನ ಬಸ್ಸು, ತನ್ನ ಪರ್ಮಿಟ್ಟು, ತನ್ನ ಮಾಲೀಕರ ಸಮೇತ ಬಂತು. ಅಂದಿನಿಂದ ಇಂದಿನವರೆಗೆ ಅದೇ ನಡೆಯುತ್ತಿದೆ.

ಅಂದರೆ ಹಳೇ ಮದ್ರಾಸ್ ಪ್ರಾಂತ್ಯದ ಗಡಿ 2023ರಲ್ಲಿ ಒಬ್ಬ ಹೆಂಗಸಿನ ಬಸ್ ಚಾರ್ಜಿನಲ್ಲಿ ಎದ್ದು ಕೂತಿದೆ. ಹಳೇ ಗಡಿಗಳಿಗೆ ಈಗ ಅರ್ಥ ಇದೆಯಾ ಅಂತ ಯಾರಾದರೂ ಕೇಳಿದರೆ ನಾನು ಇಲ್ಲಿಂದಲೇ ಮಾತು ಶುರು ಮಾಡುತ್ತೇನೆ.

ಗಡಿ ಅಂದ ತಕ್ಷಣ ನಮಗೆ ಬೆಳಗಾವಿ ನೆನಪಾಗುತ್ತದೆ. ಮಹಾಜನ್ ಆಯೋಗ, 2004ರಿಂದ ಸುಪ್ರೀಂ ಕೋರ್ಟಿನಲ್ಲಿರುವ ಕೇಸು, ಬಸ್ಸಿಗೆ ಮಸಿ. ಆ ಜಗಳದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ನನಗೆ ಅದಕ್ಕಿಂತ ನಮ್ಮೊಳಗಿನ ಗೆರೆಗಳು ಮುಖ್ಯ ಅನ್ನಿಸುತ್ತವೆ. ಯಾಕಂದರೆ ಅವುಗಳ ಬಗ್ಗೆ ಯಾರೂ ಧರಣಿ ಕೂರುವುದಿಲ್ಲ, ಆದರೂ ಅವು ದಿನಾ ಕೆಲಸ ಮಾಡುತ್ತಿರುತ್ತವೆ.

1956ರ ನವೆಂಬರ್ 1ರಂದು ಸೇರಿದ್ದು ಯಾವ್ಯಾವುದು ಅಂತ ಒಮ್ಮೆ ನೆನಪು ಮಾಡಿಕೊಳ್ಳೋಣ. ಹಳೇ ಮೈಸೂರು ರಾಜ್ಯ. ಅದಕ್ಕೆ 1953ರಲ್ಲೇ ಮದ್ರಾಸಿನಿಂದ ಬಂದು ಸೇರಿದ್ದ ಬಳ್ಳಾರಿ. ಮುಂಬೈಯಿಂದ ಬೆಳಗಾವಿ, ಬಿಜಾಪುರ, ಧಾರವಾಡ, ಉತ್ತರ ಕನ್ನಡ. ಹೈದರಾಬಾದಿನಿಂದ ಗುಲ್ಬರ್ಗ, ರಾಯಚೂರು, ಬೀದರ್. ಮದ್ರಾಸಿನಿಂದ ಕಾಸರಗೋಡು ಬಿಟ್ಟು ದಕ್ಷಿಣ ಕನ್ನಡ, ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ. ಮತ್ತೆ ಕೊಡಗು, ಅದಕ್ಕೆ ಆಗ ತನ್ನದೇ ಸರ್ಕಾರ, ತನ್ನದೇ ಮುಖ್ಯಮಂತ್ರಿ. ಇಷ್ಟೂ ಸೇರಿ ಮೈಸೂರು ರಾಜ್ಯ ಅಂತಾಯಿತು. ಕರ್ನಾಟಕ ಅನ್ನುವ ಹೆಸರು ಬರೋಕೆ ಇನ್ನೂ 17 ವರ್ಷ ಬೇಕಾಯಿತು.

ಭೂಪಟದಲ್ಲಿ ಗೆರೆ ಅಳಿಸೋದು ಒಂದು ದಿನದ ಕೆಲಸ. ಆದರೆ ಅದರ ಎರಡೂ ಕಡೆ ನೂರಾರು ವರ್ಷ ಬೇರೆ ಬೇರೆ ಕಚೇರಿ, ಬೇರೆ ಬೇರೆ ಕಾನೂನು, ಬೇರೆ ಬೇರೆ ಅಳತೆಯಲ್ಲಿ ಬದುಕಿದ ಜನ ಇರುತ್ತಾರಲ್ವಾ?

ಇದನ್ನು ಕಣ್ಣಾರೆ ನೋಡಬೇಕು ಅನ್ನುವವರಿಗೆ ನಾನು ಭಟ್ಕಳದಿಂದ ದಕ್ಷಿಣಕ್ಕೆ ಹೆದ್ದಾರಿಯಲ್ಲಿ ಹೋಗಿ ಅನ್ನುತ್ತೇನೆ. ಸ್ವಲ್ಪ ದೂರಕ್ಕೆ ಬೈಂದೂರು ಕಡೆಯ ಶಿರೂರು ಸಿಗುತ್ತದೆ. ಅಲ್ಲಿ ಉತ್ತರ ಕನ್ನಡ ಮುಗಿದು ಉಡುಪಿ ಜಿಲ್ಲೆ ಶುರುವಾಗುತ್ತದೆ. ಎರಡೂ ಕಡೆ ಅದೇ ಸಮುದ್ರ, ಅದೇ ಮುರಕಲ್ಲು, ಅದೇ ತೆಂಗು. ಎಡಕ್ಕೆ ಅದೇ ಘಟ್ಟ. ನೋಡಿದರೆ ಏನೂ ಬದಲಾಗುವುದಿಲ್ಲ. ಆದರೆ ಗೆರೆಯ ಉತ್ತರಕ್ಕೆ ಜಾಗದ ಮಾತು ಬಂದರೆ ಲೆಕ್ಕ ಗುಂಟೆಯಲ್ಲಿ. ದಕ್ಷಿಣಕ್ಕೆ ಬಂದರೆ ಸೆಂಟ್ಸಿನಲ್ಲಿ. ಎಕರೆಗೆ 40 ಗುಂಟೆ, ಅದೇ ಎಕರೆಗೆ 100 ಸೆಂಟ್ಸು. ಉತ್ತರದವರ ಸರ್ಕಾರಿ ಬಸ್ಸು ಹುಬ್ಬಳ್ಳಿಯ ವಾಯವ್ಯ ಸಾರಿಗೆ ಸಂಸ್ಥೆಯದು. ದಕ್ಷಿಣದವರದು ಬೆಂಗಳೂರಿನ ಕೆಎಸ್ಆರ್‌ಟಿಸಿ, ಮತ್ತೆ ಅದಕ್ಕಿಂತ ಜಾಸ್ತಿ ಖಾಸಗಿ. ಉತ್ತರದವರು ಹೈಕೋರ್ಟಿಗೆ ಹೋಗಬೇಕಾದರೆ ಘಟ್ಟ ಹತ್ತಿ ಧಾರವಾಡ ಪೀಠಕ್ಕೆ. ದಕ್ಷಿಣದವರು ಬೆಂಗಳೂರಿಗೆ. ಕಂದಾಯದಲ್ಲಿ ಉತ್ತರ ಕನ್ನಡ ಬೆಳಗಾವಿ ವಿಭಾಗ, ಉಡುಪಿ ಮೈಸೂರು ವಿಭಾಗ.

ಈ ಗೆರೆ ಯಾವ ರಾಜ ಎಳೆದದ್ದೂ ಅಲ್ಲ. ಬ್ರಿಟಿಷರ ಕಾಲದಲ್ಲಿ ಕೆನರಾ ಅಂತ ಒಂದೇ ಜಿಲ್ಲೆ ಇತ್ತು, ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದು. ಅದನ್ನು ಎರಡು ಮಾಡಿ, 1862ರಲ್ಲಿ ಉತ್ತರದ ತುಂಡನ್ನು ಮುಂಬೈಗೆ ಕೊಟ್ಟರು. ಹತ್ತಿ ವ್ಯಾಪಾರದವರಿಗೆ ಧಾರವಾಡದ ಹತ್ತಿ ಕಾರವಾರದ ಬಂದರಿನಿಂದ ಹಡಗು ಹತ್ತಬೇಕಿತ್ತು. ಬಂದರು ಒಂದು ಪ್ರಾಂತ್ಯದಲ್ಲಿ, ಹತ್ತಿ ಬೆಳೆಯುವ ಹೊಲ ಇನ್ನೊಂದು ಪ್ರಾಂತ್ಯದಲ್ಲಿ ಇದ್ದರೆ ಅವರಿಗೆ ಕಷ್ಟ. ಅಷ್ಟಕ್ಕೆ ಒಂದು ಕರಾವಳಿ ಎರಡಾಯಿತು. ಹಡಗಿನಲ್ಲಿ ಹೋದ ಹತ್ತಿಯ ಕಾಲ ಮುಗಿದು ತುಂಬಾ ವರ್ಷವಾಯಿತು. ಆದರೆ ಭಟ್ಕಳದಲ್ಲಿ ಜಾಗದ ತಕರಾರು ಇರುವವರು ಈಗಲೂ ಹೈಕೋರ್ಟ್ ಮೇಲ್ಮನವಿಗೆ ಧಾರವಾಡದ ಬಸ್ಸು ಹತ್ತುತ್ತಾರೆ.

ಇನ್ನು ರೈಲು. ನಮ್ಮ ರಾಜ್ಯಕ್ಕೆ 2003ರಲ್ಲಿ ಹುಬ್ಬಳ್ಳಿಯಲ್ಲಿ ನೈಋತ್ಯ ರೈಲ್ವೆ ವಲಯ ಬಂತು. ಸರಿ, ಇನ್ನು ಕರ್ನಾಟಕದ ರೈಲು ಕರ್ನಾಟಕದ್ದೇ ಅಂದುಕೊಂಡೆವು. ಆದರೂ ದಶಕಗಳಿಂದ ಕಲಬುರಗಿ ನಿಲ್ದಾಣ ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗದಲ್ಲಿದೆ. ರಾಯಚೂರು, ಯಾದಗಿರಿ ದಶಕಗಳ ಕಾಲ ಇದ್ದದ್ದು ಆಂಧ್ರದ ಗುಂತಕಲ್ ವಿಭಾಗದಲ್ಲಿ. ಬೀದರ್ ಸಿಕಂದರಾಬಾದಿನಲ್ಲಿ. ಮಂಗಳೂರು ಕೇರಳದ ಪಾಲಕ್ಕಾಡಿನಲ್ಲಿ. 1871ರಲ್ಲಿ ಮುಂಬೈಯಿಂದ ಬಂದ ರೈಲು ಹಳಿ, ಮದ್ರಾಸಿನಿಂದ ಬಂದ ಹಳಿ ರಾಯಚೂರಿನಲ್ಲಿ ಕೂಡಿಕೊಂಡವು. ಮುಂಬೈ ಕಂಪನಿಯ ಹಳಿಯ ಬಹುಪಾಲು ಇಂದು ಮಧ್ಯ ರೈಲ್ವೆ. ನಿಜಾಮರ ರೈಲ್ವೆಗೆ ಸಿಕಂದರಾಬಾದ್ ಕೇಂದ್ರ, ಇಂದಿಗೂ ಬೀದರ್‌ಗೆ ಅದೇ ಕೇಂದ್ರ. ಹೊಸ ರೈಲು ಬೇಕು, ಪ್ಲಾಟ್‌ಫಾರ್ಮ್ ಉದ್ದ ಮಾಡಬೇಕು, ಹೊತ್ತು ಬದಲಿಸಬೇಕು ಅಂದರೆ ಮಂಗಳೂರಿನವರು ಪಾಲಕ್ಕಾಡಿನ ಬಾಗಿಲು ತಟ್ಟಬೇಕು.

ಬೀದರ್ ಮತ್ತು ಕಲಬುರಗಿ ಅಕ್ಕಪಕ್ಕದ ಜಿಲ್ಲೆಗಳು. ಒಂದೇ ಕಂದಾಯ ವಿಭಾಗ. ಇವೆರಡರ ನಡುವೆ ನೇರ ರೈಲು ಮಾರ್ಗ ಸಿಕ್ಕಿದ್ದು 2017ರ ಅಕ್ಟೋಬರ್‌ನಲ್ಲಿ. ರಾಜ್ಯ ಒಂದಾಗಿ 61 ವರ್ಷ ಆಗಿತ್ತು. ಬೀದರ್‌ನ ಹಳಿ ಹೈದರಾಬಾದಿನ ಕಡೆ ಮುಖ ಮಾಡಿತ್ತು, ಕಲಬುರಗಿಯ ಹಳಿ ಮುಂಬೈ ಕಡೆ. ಜನರ ಓಡಾಟವೂ ಹಾಗೇ ರೂಢಿಯಾಯಿತು. ಮಗನನ್ನು ಓದಿಸೋಕೆ, ಕಣ್ಣಿನ ಆಪರೇಷನ್‌ಗೆ, ಮದುವೆ ಬಟ್ಟೆಗೆ ಬೀದರ್‌ನವರು ಹೈದರಾಬಾದಿಗೆ ಹೋಗುತ್ತಾರೆ. ಬೆಂಗಳೂರಿನ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಬೆಂಗಳೂರು ದೂರ, ಹೈದರಾಬಾದು ಹತ್ತಿರ, ದಾರಿ ಮೊದಲಿನಿಂದಲೂ ಅತ್ತಲೇ ಇದೆ.

ಈ ಗೆರೆಗಳು ಬರೀ ರೂಢಿಯಲ್ಲಿ ಉಳಿದುಕೊಂಡಿವೆ ಅಂದುಕೊಳ್ಳಬೇಡಿ. ನಮ್ಮ ಕಾನೂನಿನಲ್ಲೇ ಬರೆದಿಟ್ಟಿದ್ದಾರೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಸೆಕ್ಷನ್ ತೆಗೆದು ನೋಡಿ. ದಕ್ಷಿಣ ಕನ್ನಡದ ಕುಮ್ಕಿ, ಬಾಣೆ, ಕಾನೆ. ಉತ್ತರ ಕನ್ನಡದ ಬೆಟ್ಟ, ಹಾಡಿ. ಮೈಸೂರು ಪ್ರದೇಶದ ಕಾನು, ಸೊಪ್ಪಿನಬೆಟ್ಟ. ಕೊಡಗಿನ ಜಮ್ಮಾ, ಬಾಣೆ. ಹೈದರಾಬಾದ್ ಪ್ರದೇಶದ ಮೋಟಸ್ಥಳ. ಈ ಜಮೀನುಗಳ ಮೇಲೆ ಜನ ಮೊದಲಿನಿಂದ ಅನುಭವಿಸಿಕೊಂಡು ಬಂದ ಸವಲತ್ತು ಮುಂದುವರಿಯುತ್ತದೆ ಅಂತ ಅಲ್ಲಿದೆ. ಓದಿದರೆ ಹಳೇ ಪ್ರಾಂತ್ಯಗಳ ಹಾಜರಿ ಕರೆದ ಹಾಗಿದೆ.

ಇದು ಅಡಿಕೆ ತೋಟ ಇರುವವರಿಗೆ ಚೆನ್ನಾಗಿ ಗೊತ್ತು. ತೋಟಕ್ಕೆ ಸೊಪ್ಪು ಬೇಕು, ಗೊಬ್ಬರ ಬೇಕು, ಸೌದೆ ಬೇಕು. ಶಿರಸಿಯವರು ತಮ್ಮ ಬೆಟ್ಟದಿಂದ ತರುತ್ತಾರೆ. ತೀರ್ಥಹಳ್ಳಿಯವರಿಗೆ ಸೊಪ್ಪಿನಬೆಟ್ಟ. ಪುತ್ತೂರಿನವರಿಗೆ ಕುಮ್ಕಿ, ಅಂದರೆ ಅವರ ಜಮೀನಿಗೆ ಅಂಟಿಕೊಂಡ ಸರ್ಕಾರಿ ಜಾಗ. ಮೂವರೂ ಮಾಡುವುದು ಅದೇ ಕೃಷಿ, ತರುವುದು ಅದೇ ಸೊಪ್ಪು. ಆದರೆ ಅವರ ಹಕ್ಕಿನ ಸ್ವರೂಪ ಬೇರೆ ಬೇರೆ, ಅರಣ್ಯ ಇಲಾಖೆಯ ಜೊತೆ ಅವರು ಮಾಡುವ ವಾದವೂ ಬೇರೆ ಬೇರೆ. ಯಾಕಂದರೆ ಮೂರೂ ಕಡೆ ಆಳಿದವರು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಆದೇಶ ಬರೆದರು. ಪುತ್ತೂರಿನ ರೈತ ಕುಮ್ಕಿಯನ್ನು ತನ್ನ ಹೆಸರಿಗೆ ಮಾಡಿಕೊಡಿ ಅಂತ ಕೇಳಿಕೊಳ್ಳುತ್ತಲೇ ಇದ್ದಾನೆ. ತುಮಕೂರಿನ ರೈತನಿಗೆ ಆ ಬೇಡಿಕೆ ಏನು ಅಂತಲೇ ಅರ್ಥವಾಗುವುದಿಲ್ಲ.

ಕೊಡಗಿನದು ಇನ್ನೂ ಬೇರೆ. ಕೊಡವರಿಗೆ ಮತ್ತು ಜಮ್ಮಾ ಅನ್ನುವ ವಂಶಪಾರಂಪರ್ಯ ಹಿಡುವಳಿ ಇರುವವರಿಗೆ ಕೋವಿ ಇಟ್ಟುಕೊಳ್ಳೋಕೆ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ಬಂದದ್ದು. 2019ರಲ್ಲಿ ಕೇಂದ್ರ ಗೃಹ ಇಲಾಖೆ ಅದನ್ನು 2029ರವರೆಗೆ ಮುಂದುವರಿಸಿತು. ಪಿರಿಯಾಪಟ್ಟಣ ದಾಟಿ ಕುಶಾಲನಗರಕ್ಕೆ ಹೋದರೆ ನೀವು ಒಂದು ಹಳೇ ರಾಜ್ಯದ ಒಳಗೆ ಕಾಲಿಟ್ಟಿರುತ್ತೀರಿ. ಅಲ್ಲಿ ಚೆಕ್‌ಪೋಸ್ಟ್ ಇಲ್ಲ, ಪಾಸ್‌ಪೋರ್ಟ್ ಇಲ್ಲ. ಆದರೆ ಬಂದೂಕಿನ ಕಾನೂನು ಬೇರೆ.

ಹೆಸರುಗಳಲ್ಲೂ ಇದು ಕಾಣುತ್ತದೆ. ಬೆಂಗಳೂರಿನ ಯಾವುದಾದರೂ ಆಫೀಸಿನ ಹಾಜರಿ ಪಟ್ಟಿ ನೋಡಿ. ಹಾಸನ, ಮಂಡ್ಯ, ಕೋಲಾರದವರಿಗೆ ಹೆಸರಿನ ಜೊತೆ ಒಂದೋ ಎರಡೋ ಇನಿಶಿಯಲ್, ಊರಿನದು ಮತ್ತು ಅಪ್ಪನದು. ಧಾರವಾಡ, ಬಾಗಲಕೋಟೆಯವರಿಗೆ ಅಡ್ಡಹೆಸರು ಇದೆ: ಪಾಟೀಲ, ಕುಲಕರ್ಣಿ, ದೇಸಾಯಿ. ಕಲಬುರಗಿ, ರಾಯಚೂರಿನಿಂದ ಬಂದವರಲ್ಲಿ ಮಾಲಿಪಾಟೀಲ, ಪೊಲೀಸ್ ಪಾಟೀಲ ಸಿಗುತ್ತಾರೆ. ನಿಜಾಮರ ಹಳ್ಳಿಯಲ್ಲಿ ಕಂದಾಯ ನೋಡುವ ಪಾಟೀಲ ಬೇರೆ, ಕಾವಲು ನೋಡುವ ಪಾಟೀಲ ಬೇರೆ. ಆ ಹುದ್ದೆಗಳು ಹೋಗಿ 60 ವರ್ಷದ ಮೇಲಾಯಿತು. ಹಳೇ ಮೈಸೂರಿನವರಿಗೆ ಕಷ್ಟ ಬರೋದು ಆನ್‌ಲೈನ್ ಫಾರಂ ತುಂಬುವಾಗ. ಸರ್‌ನೇಮ್ ಖಾನೆ ಖಾಲಿ ಬಿಟ್ಟರೆ ಅದು ಮುಂದೆ ಹೋಗುವುದಿಲ್ಲ. ಅಪ್ಪನ ಹೆಸರು ಹಾಕುತ್ತಾರೆ, ಆಮೇಲೆ ಬ್ಯಾಂಕಿನ ಹೆಸರಿಗೂ ಪಾಸ್‌ಪೋರ್ಟಿನ ಹೆಸರಿಗೂ ತಾಳೆಯಾಗದೆ ಅಲೆಯುತ್ತಾರೆ.

ಹಾಗಂತ ಎಲ್ಲ ಗೆರೆಗಳೂ ಉಳಿದಿಲ್ಲ. ಇದೂ ಅಷ್ಟೇ ಮುಖ್ಯ. ಕುಂದಗೋಳ ಒಂದು ಕಾಲಕ್ಕೆ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಹುಬ್ಬಳ್ಳಿಯ ಪಕ್ಕದ ಊರಿಗೆ ಎಲ್ಲೋ ಕೃಷ್ಣೆಯ ಕಡೆಯ ಜಮಖಂಡಿ ರಾಜಧಾನಿ. ಲಕ್ಷ್ಮೇಶ್ವರ ಮಿರಜದವರದು, ಶಿರಹಟ್ಟಿ ಸಾಂಗ್ಲಿಯವರದು. ಮುಧೋಳ, ರಾಮದುರ್ಗ, ಸವಣೂರು, ಸಂಡೂರು ಎಲ್ಲಕ್ಕೂ ತಮ್ಮ ತಮ್ಮ ಗಡಿ, ತಮ್ಮ ತಮ್ಮ ಸುಂಕ. ಇವತ್ತು ಕುಂದಗೋಳದ ಮೆಣಸಿನಕಾಯಿ ಬೆಳೆಗಾರ ಜಮಖಂಡಿ ಕಡೆ ತಿರುಗಿ ನೋಡುವ ಕಾರಣ ಇಲ್ಲ. ಆ ಗೆರೆಗಳು ಪೂರ್ತಿ ಹೋದವು. 1948ರಲ್ಲಿ ಆ ಸಂಸ್ಥಾನಗಳಲ್ಲಿ ಹೆಚ್ಚಿನವು ಮುಂಬೈ ಪ್ರಾಂತ್ಯದಲ್ಲಿ ಸೇರಿ, ಅಕ್ಕಪಕ್ಕದ ತಾಲೂಕಿನದೇ ಕಾನೂನು, ಅದೇ ಶಾಲೆ, ಅದೇ ಕಚೇರಿ ಅವಕ್ಕೂ ಬಂತು. ಗೆರೆಯನ್ನು ಹಿಡಿದು ನಿಲ್ಲಿಸೋಕೆ ಆಮೇಲೆ ಏನೂ ಉಳಿಯಲಿಲ್ಲ.

ನನಗೆ ಅನ್ನಿಸೋದು ಇಷ್ಟು. ಹಳೇ ಗಡಿ ಉಳಿಯೋದು ಜನರ ಅಭಿಮಾನದಿಂದ ಅಲ್ಲ. ಅದರ ಹಿಂದೆ ಒಂದು ಕಚೇರಿ, ಒಂದು ಹಳಿ, ಒಂದು ದಾಖಲೆ ಪುಸ್ತಕ ಕೆಲಸ ಮಾಡುತ್ತಿದ್ದರೆ ಅದು ಉಳಿಯುತ್ತದೆ. ಅಭಿಮಾನ ಆಮೇಲೆ ಬಂದು ಕೂರುತ್ತದೆ. ರಾಜರು ಹೋದರೂ ಸರ್ವೆ ಪುಸ್ತಕ ಹೋಗುವುದಿಲ್ಲ.

ಹೊಸ ಗೆರೆ ಹಳೇ ಬದುಕಿನ ಮೇಲೆ ಬಿದ್ದರೆ ಏನಾಗುತ್ತದೆ ಅಂತ ಕಾಸರಗೋಡಿನವರು ಹೇಳಬಲ್ಲರು. 1956ಕ್ಕೆ ಮುಂಚೆ ಅದು ದಕ್ಷಿಣ ಕನ್ನಡದ ತಾಲೂಕು. ಅಲ್ಲಿಂದ ಮಂಗಳೂರು ಅಂದರೆ ಆಸ್ಪತ್ರೆ, ಕಾಲೇಜು, ಮಾರ್ಕೆಟ್ಟು. ರಾಜ್ಯ ಬೇರೆಯಾದರೂ ಆ ದಾರಿ ಬದಲಾಗಲಿಲ್ಲ, ಮಂಜೇಶ್ವರದವರಿಗೆ ತಲಪಾಡಿ ಗೇಟು ಒಂದು ಬಸ್ ಸ್ಟಾಪ್ ಮಾತ್ರ ಆಗಿತ್ತು. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಕರ್ನಾಟಕ ಆ ಗಡಿಯನ್ನು ಮುಚ್ಚಿತು. ಡಯಾಲಿಸಿಸ್‌ಗೆ, ಹೃದಯದ ಚಿಕಿತ್ಸೆಗೆ ಮಂಗಳೂರನ್ನೇ ನಂಬಿಕೊಂಡಿದ್ದವರ ಆಂಬುಲೆನ್ಸುಗಳು ತಲಪಾಡಿಯಿಂದ ವಾಪಸ್ ಹೋದವು. ವಿಷಯ ಕೇರಳ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್‌ನಲ್ಲಿ ಷರತ್ತು ಹಾಕಿ ತುರ್ತು ರೋಗಿಗಳನ್ನು ಬಿಟ್ಟರು. ಆ ದಿನಗಳ ಬಗ್ಗೆ ನನಗೆ ಇವತ್ತಿಗೂ ಬೇಸರ ಇದೆ. ಕಾಸರಗೋಡು ನಮ್ಮದು ಅಂತ ಪ್ರತಿ ನವೆಂಬರ್‌ನಲ್ಲಿ ವೇದಿಕೆ ಮೇಲೆ ಹೇಳುವ ನಾವು, ಅಲ್ಲಿನವರಿಗೆ ಬಾಗಿಲು ಬೇಕಾದಾಗ ಹಾಕಿಕೊಂಡೆವು.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಗೆರೆಗೆ ಬರುತ್ತೇನೆ. ಹೈದರಾಬಾದ್ ಕರ್ನಾಟಕ. 2019ರಿಂದ ಅದರ ಹೆಸರು ಕಲ್ಯಾಣ ಕರ್ನಾಟಕ.

ಆ ಭಾಗಕ್ಕೆ ಸ್ವಾತಂತ್ರ್ಯ 1947ರ ಆಗಸ್ಟ್‌ನಲ್ಲಿ ಬರಲಿಲ್ಲ. ಪೊಲೀಸ್ ಕಾರ್ಯಾಚರಣೆ ಆಗಿ, 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಡಳಿತ ಮುಗಿಯಿತು. ಕಲಬುರಗಿಯ ಶಾಲೆಗಳಲ್ಲಿ ಆ ದಿನ ಇವತ್ತಿಗೂ ಬಾವುಟ ಹಾರಿಸುತ್ತಾರೆ. ಬೆಂಗಳೂರಿನ ಮಕ್ಕಳಿಗೆ ಅದು ಮಾಮೂಲಿ ಕ್ಲಾಸಿನ ದಿನ.

13 ತಿಂಗಳ ಅಂತರ ದೊಡ್ಡದಲ್ಲ ಅನ್ನಬಹುದು. ಅದರ ಹಿಂದಿನ ಅಂತರ ನೋಡಿ. ಮೈಸೂರಿನಲ್ಲಿ 1881ಕ್ಕೇ ಪ್ರಜಾಪ್ರತಿನಿಧಿ ಸಭೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು, 1905ರಲ್ಲಿ ಬೆಂಗಳೂರಿನ ಬೀದಿಗೆ ಕರೆಂಟಿನ ದೀಪ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ. ಮುಂಬೈ ಭಾಗದ ಕನ್ನಡಿಗರಿಗೆ ಕರ್ನಾಟಕ ವಿಶ್ವವಿದ್ಯಾಲಯ ಸಿಕ್ಕಿದ್ದು 1949ರಲ್ಲಿ. ಗುಲ್ಬರ್ಗ ವಿಶ್ವವಿದ್ಯಾಲಯ ಬಂದದ್ದು 1980ರಲ್ಲಿ. ನಿಜಾಮರ ರಾಜ್ಯದಲ್ಲಿ ಮೇಲಿನ ಓದು ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ ಮಾತಾಡುವ ಮಗು ಕಾಲೇಜು ಮುಟ್ಟಬೇಕಾದರೆ ಮೊದಲು ಇನ್ನೊಂದು ಭಾಷೆಯನ್ನು ದಾಟಬೇಕಿತ್ತು. ಬಹಳ ಮಂದಿ ದಾಟಲಿಲ್ಲ. ಓದದ ಅಪ್ಪ ಅಮ್ಮನ ಮಕ್ಕಳು, ಆ ಮಕ್ಕಳ ಮಕ್ಕಳು ಇವತ್ತು ಎಸ್ಎಸ್ಎಲ್‌ಸಿ ಬರೆಯುತ್ತಿದ್ದಾರೆ.

ಆ ಫಲಿತಾಂಶ ಬಂದ ದಿನ ಪೇಪರಿನಲ್ಲಿ ಜಿಲ್ಲೆಗಳ ಪಟ್ಟಿ ಬರುತ್ತದಲ್ಲ, ಅದನ್ನು ನೋಡಿ. 2024ರಲ್ಲಿ ಮೊದಲು ಉಡುಪಿ, ಕೊನೆಗೆ ಯಾದಗಿರಿ. 2025ರಲ್ಲಿ ಮೊದಲು ದಕ್ಷಿಣ ಕನ್ನಡ, ಕೊನೆಗೆ ಕಲಬುರಗಿ. ಪ್ರತಿ ಸಲ ಟಿವಿಯಲ್ಲಿ "ಬುದ್ಧಿವಂತರ ಜಿಲ್ಲೆ" ಅನ್ನುತ್ತಾರೆ. ನನಗೆ ಆ ಮಾತು ಕೇಳಿದರೆ ಸಿಟ್ಟು ಬರುತ್ತದೆ. ಯಾದಗಿರಿಯ ಹುಡುಗ ದಡ್ಡನಾ? ಅವನಪ್ಪ ಕೂಲಿಗೆ ಅಂತ ಪುಣೆಗೋ ಬೆಂಗಳೂರಿಗೋ ಹೋಗಿರುತ್ತಾನೆ, ಜೊತೆಗೆ ಇವನೂ ಅರ್ಧ ವರ್ಷ ಹೋಗಿ ಬಂದಿರುತ್ತಾನೆ. ಶಾಲೆಯಲ್ಲಿ ಗಣಿತಕ್ಕೆ ಮೇಷ್ಟ್ರು ಇರುವುದಿಲ್ಲ. ಆ ಪಟ್ಟಿಯಲ್ಲಿ ನಾನು ನೋಡುವುದು 1956ಕ್ಕೆ ಮುಂಚಿನ ಭೂಪಟವನ್ನು.

2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ಇದನ್ನು ಲೆಕ್ಕ ಹಾಕಿ ತೋರಿಸಿತು. ಆಗಿದ್ದ 175 ತಾಲೂಕುಗಳಲ್ಲಿ 114 ಹಿಂದುಳಿದವು. ಅದರಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ ಅರ್ಧಕ್ಕಿಂತ ಜಾಸ್ತಿ ಗುಲ್ಬರ್ಗ ವಿಭಾಗ ಒಂದರಲ್ಲೇ. ಏಕೀಕರಣ ಆಗಿ 46 ವರ್ಷದ ಮೇಲೆ ಬಂದ ಲೆಕ್ಕ ಇದು.

1956ರಲ್ಲಿ ನಿಜಾಮರ ರಾಜ್ಯ ಮೂರು ಪಾಲಾಯಿತು. ಮರಾಠವಾಡಕ್ಕೆ ಆಗಲೇ ಸಂವಿಧಾನದ 371ನೇ ವಿಧಿಯಲ್ಲಿ, ಅಂದರೆ ಕೆಲವು ಭಾಗಗಳಿಗೆ ವಿಶೇಷ ವ್ಯವಸ್ಥೆ ಮಾಡುವ ವಿಧಿಯಲ್ಲಿ, ಜಾಗ ಸಿಕ್ಕಿತು. ತೆಲಂಗಾಣಕ್ಕೆ 1973ರಲ್ಲಿ 371 ಡಿ ಮೂಲಕ ಉದ್ಯೋಗ, ಶಿಕ್ಷಣದಲ್ಲಿ ರಕ್ಷಣೆ ಬಂತು. ಕನ್ನಡದ ಪಾಲಿಗೆ ಮಾತ್ರ ಏನೂ ಇಲ್ಲ. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಹೋರಾಡಿದ ಮೇಲೆ 2012ರಲ್ಲಿ 98ನೇ ತಿದ್ದುಪಡಿ ಆಗಿ 371 ಜೆ ಬಂತು. ಆ ಭಾಗದ ಕಾಲೇಜುಗಳಲ್ಲಿ 70% ಸೀಟು ಅಲ್ಲಿನವರಿಗೆ, ರಾಜ್ಯದ ಬೇರೆ ಕಡೆ 8%. ಸರ್ಕಾರಿ ಕೆಲಸದಲ್ಲೂ ಸ್ಥಳೀಯರಿಗೆ ಪಾಲು. ಈಗ ರಾಯಚೂರಿನ ಹುಡುಗಿ ಸಿಇಟಿ ಕೌನ್ಸೆಲಿಂಗ್‌ಗೆ ಹೋಗುವಾಗ ಫೈಲಿನಲ್ಲಿ ಜಾತಿ, ಆದಾಯದ ಸರ್ಟಿಫಿಕೇಟ್ ಜೊತೆ ಇನ್ನೊಂದು ಇರುತ್ತದೆ. ಅಜ್ಜ ಅಪ್ಪ ಬದುಕಿದ ಊರು ಯಾವ ಗೆರೆಯ ಒಳಗಿತ್ತು ಅನ್ನುವ ಸರ್ಟಿಫಿಕೇಟ್.

ಈ ಗೆರೆ ಎಷ್ಟು ಜೀವಂತ ಅಂತ ಹರಪನಹಳ್ಳಿಯವರನ್ನು ಕೇಳಬೇಕು. ಆ ತಾಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು. ಬಳ್ಳಾರಿ ದೂರ, ದಾವಣಗೆರೆ ಹತ್ತಿರ. ದಿನದ ಕೆಲಸಕ್ಕೆಲ್ಲ ಜನ ಹೋಗೋದು ದಾವಣಗೆರೆಗೇ. 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆ ಆದಾಗ ಹರಪನಹಳ್ಳಿಯನ್ನು ಅದಕ್ಕೆ ಸೇರಿಸಿದರು. ಸರಿಯಾದ ನಿರ್ಧಾರ, ಜನಕ್ಕೂ ಅನುಕೂಲ. ಆಮೇಲೆ 371 ಜೆ ಬಂತು. ಬಳ್ಳಾರಿ ಅದರ ಒಳಗೆ, ದಾವಣಗೆರೆ ಹೊರಗೆ. ಹರಪನಹಳ್ಳಿಯ ಮಕ್ಕಳು ಪಕ್ಕದ ಹಡಗಲಿಯ ಮಕ್ಕಳಿಗೆ ಸಿಗುವ ಮೆಡಿಕಲ್ ಸೀಟನ್ನು ನೋಡುತ್ತಾ ನಿಂತರು. ಹೋರಾಟ ಆಯಿತು. 2018ರಲ್ಲಿ ತಾಲೂಕು ಮತ್ತೆ ಬಳ್ಳಾರಿಗೆ ಹೋಯಿತು. ಹತ್ತಿರದ ಜಿಲ್ಲಾ ಕಚೇರಿ ಬಿಟ್ಟು ದೂರದ್ದನ್ನು ಜನರೇ ಕೇಳಿ ಪಡೆದರು. 2021ರಲ್ಲಿ ವಿಜಯನಗರ ಜಿಲ್ಲೆ ಆದ ಮೇಲೆ ಈಗ ಹೊಸಪೇಟೆ ಅವರ ಜಿಲ್ಲಾ ಕೇಂದ್ರ.

ಇದರಲ್ಲಿ ಇನ್ನೊಂದು ವಿಷಯ ಇದೆ. ಬಳ್ಳಾರಿ ಸೀಮೆಯನ್ನು ನಿಜಾಮರು 1800ರಲ್ಲೇ ಬ್ರಿಟಿಷರಿಗೆ ಬಿಟ್ಟುಕೊಟ್ಟಿದ್ದರು. ಒಂದೂವರೆ ಶತಮಾನ ಅದು ಮದ್ರಾಸಿನದು. ಇತಿಹಾಸದ ಲೆಕ್ಕ ಕಟ್ಟುನಿಟ್ಟಾಗಿ ಹಿಡಿದರೆ ಅದನ್ನು ಹೈದರಾಬಾದ್ ಕರ್ನಾಟಕ ಅನ್ನೋಕಾಗುವುದಿಲ್ಲ. ಆದರೂ ಸೇರಿಸಿದರು, ಯಾಕಂದರೆ ಅಲ್ಲೂ ಬಡತನ ಇತ್ತು. ನನಗೆ ಇದು ಸರಿ ಅನ್ನಿಸುತ್ತದೆ. ಹಳೇ ಗಡಿಯನ್ನು ಪೂಜೆ ಮಾಡುವ ಅಗತ್ಯ ಇಲ್ಲ. ಜನಕ್ಕೆ ಉಪಯೋಗ ಆಗೋದಾದರೆ ಅದನ್ನು ಸ್ವಲ್ಪ ಆಚೆ ಸರಿಸಿದರೂ ತಪ್ಪಿಲ್ಲ.

ಬೆಂಗಳೂರಿನಲ್ಲಿ ಆಗಾಗ ಕೇಳುವ ಮಾತೊಂದಿದೆ. ಇನ್ನೂ ಎಷ್ಟು ದಿನ ಹೈದರಾಬಾದು, ಮುಂಬೈ ಅಂತ ಇರೋದು, ಎಲ್ಲರೂ ಕನ್ನಡಿಗರಲ್ವಾ, ಇದೆಲ್ಲ ಒಡೆಯುವ ಕೆಲಸ ಅಂತ. ಹೇಳುವವರ ಮನಸ್ಸು ಒಳ್ಳೆಯದೇ ಇರುತ್ತದೆ. ಆದರೆ 1950ರ ದಶಕದಲ್ಲಿ ಇದೇ ಹಳೇ ಮೈಸೂರಿನಲ್ಲಿ ಏಕೀಕರಣ ಬೇಡ ಅಂದವರೂ ಇದ್ದರು. ಹಿಂದುಳಿದ ಭಾಗಗಳನ್ನು ಸೇರಿಸಿಕೊಂಡರೆ ನಮ್ಮ ದುಡ್ಡು ಅಲ್ಲಿಗೆ ಹೋಗುತ್ತದೆ ಅನ್ನೋದು ಅವರ ಹೆದರಿಕೆ. ಅಂದರೆ ಅಂತರ ಇದೆ ಅಂತ ಸೇರುವ ಮೊದಲೇ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಸೇರಿದೆವು. ಸೇರಿದ ಮೇಲೆ ಆ ಅಂತರ ತುಂಬುವುದು ಕರುಣೆಯಲ್ಲ, ಅದು ಒಪ್ಪಂದದ ಭಾಗ. ಏಕೀಕರಣಕ್ಕಾಗಿ ಹೆಚ್ಚು ಬಡಿದಾಡಿದ್ದು ಧಾರವಾಡ, ಹುಬ್ಬಳ್ಳಿ ಕಡೆಯವರು. ಆಲೂರು ವೆಂಕಟರಾಯರು, 1890ರಲ್ಲೇ ಹುಟ್ಟಿದ ವಿದ್ಯಾವರ್ಧಕ ಸಂಘ, 1953ರಲ್ಲಿ ಉಪವಾಸ ಕೂತ ಅದರಗುಂಚಿ ಶಂಕರಗೌಡರು. ಅವರು ಕೇಳಿದ್ದು ಹೆಸರಿಗೆ ಒಂದು ರಾಜ್ಯವನ್ನಲ್ಲ.

ಹೆಸರು ಬದಲಾಯಿಸುವುದರಲ್ಲಿ ನಾವು ಮುಂದೆ ಇದ್ದೇವೆ. ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ, 2021ರಲ್ಲಿ ಮುಂಬೈ ಕರ್ನಾಟಕ ಹೋಗಿ ಕಿತ್ತೂರು ಕರ್ನಾಟಕ. ನಿಜಾಮರ, ಬ್ರಿಟಿಷರ ನೆನಪಿನ ಬದಲು ಬಸವಣ್ಣನ ಕಲ್ಯಾಣ, ಚೆನ್ನಮ್ಮನ ಕಿತ್ತೂರು. ಹೆಸರು ಚೆನ್ನಾಗಿದೆ, ನನಗೆ ತಕರಾರಿಲ್ಲ. ಕಲ್ಯಾಣ ಕರ್ನಾಟಕ ಮಂಡಳಿಗೆ ಈಚಿನ ಬಜೆಟ್‌ಗಳಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಇಡುತ್ತಿದ್ದಾರೆ. ಅದೂ ಒಳ್ಳೆಯದೇ. ಆದರೆ ಕಟ್ಟಡಕ್ಕೆ ಖರ್ಚಾದಷ್ಟು ಸುಲಭವಾಗಿ ದುಡ್ಡು ಮನುಷ್ಯರಿಗೆ ಖರ್ಚಾಗುವುದಿಲ್ಲ. ಆಸ್ಪತ್ರೆಯ ಗೋಡೆ ಎದ್ದು ನಿಲ್ಲುತ್ತದೆ, ಡಾಕ್ಟರ್ ಬಂದು ಆರು ತಿಂಗಳಿಗೆ ವರ್ಗ ಮಾಡಿಸಿಕೊಂಡು ಬೆಂಗಳೂರಿಗೆ ಹೋಗುತ್ತಾರೆ.

2024ರಲ್ಲಿ ಸರ್ಕಾರ ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಪ್ರಾದೇಶಿಕ ಅಸಮತೋಲನದ ಬಗ್ಗೆ ಮತ್ತೊಂದು ಸಮಿತಿ ಮಾಡಿತು. ನಂಜುಂಡಪ್ಪನವರ ಲೆಕ್ಕದ ಮೇಲೆ 22 ವರ್ಷ ಆಗಿತ್ತು. ಇಂಥ ಲೆಕ್ಕಗಳಲ್ಲಿ ನಾನು ಮೊದಲು ಹುಡುಕುವುದು ರಸ್ತೆಯ ಉದ್ದ ಅಲ್ಲ, ಮಂಜೂರಾದ ಕೋಟಿ ಅಲ್ಲ. ಸುರಪುರದಂಥ ತಾಲೂಕಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು ಎಷ್ಟು ವರ್ಷದಿಂದ ಇದ್ದಾರೆ, ಹೆರಿಗೆ ಡಾಕ್ಟರ್ ರಾತ್ರಿ ಊರಲ್ಲೇ ಇರುತ್ತಾರಾ, 371 ಜೆಯಲ್ಲಿ ಸೀಟು ತಗೊಂಡು ಓದಿದವರಲ್ಲಿ ಎಷ್ಟು ಜನ ವಾಪಸ್ ಬಂದರು. ಈ ಮೂರು ಉತ್ತರ ಕುಂದಾಪುರದಲ್ಲಿ, ಮದ್ದೂರಿನಲ್ಲಿ, ಸುರಪುರದಲ್ಲಿ ಒಂದೇ ಥರ ಬಂದ ವರ್ಷ 371 ಜೆ ತೆಗೆಯಿರಿ ಅಂತ ಕೇಳೋದರಲ್ಲಿ ನ್ಯಾಯ ಇರುತ್ತದೆ. ಅಲ್ಲಿಯವರೆಗೆ ರಾಯಚೂರಿನ ಹುಡುಗಿ ಆ ಸರ್ಟಿಫಿಕೇಟನ್ನು ಫೈಲಿನಲ್ಲಿ ಇಟ್ಟುಕೊಳ್ಳಲಿ, ಅದನ್ನು ತೋರಿಸೋಕೆ ಯಾವ ಕೌಂಟರಿನಲ್ಲೂ ಸಂಕೋಚ ಪಡಬೇಕಾಗಿಲ್ಲ.